ಕಾಲ್ಬೆರಳೂ ಅದ್ದದವನು

ಊರವರೆಲ್ಲ ಬೆವರು ತೊಳೆದುಕೊಂಡ ನೀರಿಗೆ ನಾನು ಕಾಲ್ಬೆರಳನ್ನೂ ಅದ್ದುವವನಲ್ಲ. ಹೆಂಡತಿ, ಮಕ್ಕಳು ಈಜುಡುಪು ತೊಟ್ಟು ಕಾಯುತ್ತಿದ್ದರು. ರೆಸಾರ್ಟಿನವರು ಎಷ್ಟು ಸಲ ಸ್ವಿಚ್ ಒತ್ತಿದರೂ ಈಜುಕೊಳದ ಮೋಟರ್ ಶುರುವಾಗಲಿಲ್ಲ. ನಾನು ದಡದಲ್ಲಿ ಕೂತು ಎರಡನೆಯ ಲೋಟ ನಿಂಬೆ ಪಾನಕ ಮುಗಿಸಿದೆ. ಇನ್ನೊಂದು ಕೇಳಿದ್ದಕ್ಕೆ ಅಡುಗೆಯವನು, "ಸ್ವಲ್ಪ ತಡೀರಿ ಸಾರ್," ಎಂದಿದ್ದ.

ರೆಸಾರ್ಟಿನವರು ಕರೆಸಿದ ಮೆಕ್ಯಾನಿಕ್ ಫ್ಯೂಸ್ ನೋಡಿದ, ವೈರ್ ನೋಡಿದ.

"ಕರೆಂಟ್ ಬರ್ತೈತೆ. ಜಾಲರಿ ಒಡೆದೋಗಿ ಒಳಗೇನೋ ಸಿಕ್ಕಾಕ್ಕೊಂಡೈತೆ ಸಾರ್."

ಪಂಪಿನ ಮುಚ್ಚಳ ಬಿಚ್ಚಿ ಕೈ ಹಾಕಿದ. ಮೊದಲು ಬಂದದ್ದು ಲೋಳೆಗಟ್ಟಿದ ಕೂದಲಿನ ಉಂಡೆ. ಆಮೇಲೆ ಯಾರದೋ ಹುಣ್ಣಿನ ಪಟ್ಟಿ. ಕೊನೆಗೆ ಬಾಲ ಹಿಡಿದು ಎಳೆದ. ಕೊಳೆತ ಇಲಿ, ಅದೂ ಅರ್ಧವೇ ಬಂತು.

"ಥೂ! ಇನ್ನರ್ಧ ಎಲ್ಲಯ್ಯಾ?"

"ನುಣ್ಣಗೆ ರುಬ್ಬೋಗಿರ್ತೈತೆ ಬಿಡಿ ಸಾರ್."

ಹೆಂಡತಿ ಬಾಯಿ ಮುಚ್ಚಿಕೊಂಡು ಓಡಿದಳು.

"ಇದಕ್ಕೇ ಕಣೇ ನಾನು ನೀರಿಗಿಳಿಯಲ್ಲ ಅನ್ನೋದು!" ಎಂದು ಹಿಂದಿನಿಂದ ಕೂಗಿದೆ.

ಮೆಕ್ಯಾನಿಕ್ ಮುಚ್ಚಳ ಬಿಗಿದು ಸ್ವಿಚ್ ಒತ್ತಿದ. ಮೋಟರ್ ಗುಂಯ್ ಎಂದು ತಿರುಗಿತು.

ಅಡುಗೆಮನೆಯ ಕಿಟಕಿಯಿಂದ ಅಡುಗೆಯವನು ಇಣುಕಿದ.

"ನಲ್ಲೀಲಿ ನೀರು ಬಂತು ಸಾರ್! ನಿಮ್ಮ ಪಾನಕ ಈಗ ತಂದೆ!"