ನಾಲ್ಕು ಬೆರಳು

ಶಾಯಿ ಪ್ಯಾಡನ್ನು ಕಾಗದದ ಪಕ್ಕಕ್ಕೆ ಸರಿಸಿ ಕೆಂಪಯ್ಯ, "ಹೆಬ್ಬೆಟ್ಟು ಒತ್ತಕ್ಕ. ಸೋಮವಾರ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹೂಂ ಅಂದ್ರೆ ಆಯ್ತು," ಎಂದ. ಮಾರೇನಹಳ್ಳಿಯಲ್ಲಿರುವ ಅಪ್ಪನ ಹೊಲದಲ್ಲಿ ತನಗೆ ಪಾಲು ಬೇಡವೆಂದು ಅಕ್ಕ ಬೋರಮ್ಮ ಬರೆದುಕೊಡುವ ಕಾಗದ ಅದು. ಹೊಲವನ್ನು ಸೈಟು ಮಾಡುವ ಯೋಚನೆ ಅವನದು. ಹೆಣ್ಣುಮಕ್ಕಳು ಬಾಯಿಬಿಟ್ಟು ಪಾಲು ಕೇಳಿದ ಮನೆ ಅವರ ಕಡೆ ಇನ್ನೂ ಒಂದೂ ಇರಲಿಲ್ಲ.

ಬೋರಮ್ಮ ಮಡಿಲಿನಿಂದ ಕೈ ತೆಗೆಯಲಿಲ್ಲ. ಸೆರಗಿನ ಮರೆಯಲ್ಲಿ ಅವಳ ಹೆಬ್ಬೆರಳು ಮೂರನೆಯ ಬೆರಳಿನ ಮೇಲೆ ನಿಂತಿತ್ತು.

ಈ ಎಣಿಕೆ ಕಲಿಸಿದವರು ಅವಳ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರು ರೇವಣಸಿದ್ದಯ್ಯ. ಜ್ಞಾನಭಾರತಿಯ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಹೇಳುವವರು. ಬುಧವಾರ ಸಂಜೆ ಧಾರಾವಾಹಿ ನಾಟಕದ ಹೊತ್ತಿಗೆ ತಮ್ಮ ರೇಡಿಯೋವನ್ನು ಜಗಲಿಗೆ ತಂದಿಡುತ್ತಿದ್ದರು. ಎಳೆಯ ರಾಣಿಯ ರಾಜ್ಯ ಕಸಿಯಲು ಹೊಂಚುವ ಮಂತ್ರಿಯ ದನಿ ಕೇಳಿದರೆ ಸಾಕು, ಅವರೆಕಾಯಿ ಸುಲಿಯುತ್ತ ಕುಳಿತ ಬೋರಮ್ಮ ಅವನ ನಾಲಿಗೆ ಸೇದಿಹೋಗಲೆಂದು ಶಪಿಸುತ್ತಿದ್ದಳು. ಬೈದರೆ ಅವನು ಅರ್ಥವಾಗುವುದಿಲ್ಲ, ಎಣಿಸಿ ಎಂದಿದ್ದರು ಮೇಷ್ಟ್ರು. ಹಿಂದಿನವರ ರಾಜನೀತಿಯಲ್ಲಿ ಉಪಾಯಗಳು ನಾಲ್ಕೇ. ಒಳ್ಳೆಯ ಮಾತು ಸಾಮ, ಕೊಡುಗೆ ದಾನ, ನಂಬಿದವರನ್ನು ಒಡೆಯುವುದು ಭೇದ, ಯಾವುದಕ್ಕೂ ಬಗ್ಗದಿದ್ದರೆ ದಂಡ. ರಾಜನಾದವನು ಪ್ರಜೆಗಳನ್ನು ಕಾಯಲು ಇವನ್ನು ಹಿಡಿಯಬೇಕು. ಈ ಮಂತ್ರಿ ತನಗೋಸ್ಕರ ಹಿಡಿದಿದ್ದಾನೆ, ಅವನು ಕೆಟ್ಟವನಾದದ್ದು ಅಷ್ಟರಿಂದಲೇ. ಅಂದಿನಿಂದ ಮಂತ್ರಿ ಬಾಯಿ ತೆರೆದಾಗಲೆಲ್ಲ ಬೋರಮ್ಮ ಹೆಬ್ಬೆರಳಿನಿಂದ ಒಂದೊಂದು ಬೆರಳನ್ನೂ ಮುಟ್ಟಿ ಎಣಿಸುತ್ತಿದ್ದಳು.

ತಮ್ಮ ಕೆಂಪಯ್ಯ ಈ ಹೊಲದ ಮಾತಿಗೆ ಮೊದಲ ಸಲ ಬಂದಾಗ, ಅಕ್ಕನದು ಥೇಟ್ ಅವ್ವನ ಮುಖವೆಂದು ಕಣ್ಣೊರೆಸಿಕೊಂಡಿದ್ದ. ಎರಡನೆಯ ಸಲ ಒಂದು ಸೀರೆ, ಒಂದು ಮೂಟೆ ರಾಗಿ ತಂದ. ಮೂರನೆಯ ಸಲ ಅವಳ ಮಗಳು ಸೀತಾಳನ್ನು ಹಿತ್ತಿಲಿಗೆ ಕರೆದು, ನಿನ್ನನ್ನು ಸೊಸೆಯಾಗಿ ತಂದುಕೊಳ್ಳುವ ಆಸೆ ನಮಗಿದೆ, ನಿಮ್ಮವ್ವನಿಗೆ ನಿನಗಿಂತ ಮಣ್ಣೇ ಹೆಚ್ಚಾಯಿತು ಎಂದು ಹೇಳಿಹೋದ. ಸೀತಾ ತಾಯಿಯೊಡನೆ ಮಾತು ಬಿಟ್ಟು ಇಂದಿಗೆ ಎಂಟು ದಿನ.

"ಒತ್ತಲ್ವಾ?" ಕೆಂಪಯ್ಯ ಎದ್ದು ನಿಂತ. "ಸರಿ. ಇವತ್ತಿಗೆ ನಿಂಗೆ ತವರಿಲ್ಲ ಅನ್ಕೋ. ನಾನು ಸತ್ರೂ ಬರ್ಬೇಡ."

ಹೆಬ್ಬೆರಳು ಮೆಲ್ಲಗೆ ಕಿರುಬೆರಳಿಗೆ ಸರಿಯಿತು. ಬೋರಮ್ಮನಿಗೆ ಕಣ್ಣು ಮಂಜಾಯಿತು. ಮೇಷ್ಟ್ರು ತಮ್ಮ ಕೋಣೆಯ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಈ ಎಣಿಕೆ ಅವರಿಗೆ ಗೊತ್ತಿದೆ, ತಮ್ಮನಿಗೆ ಅವರು ಹೇಳಿಯಾರು ಎಂದು ಅವಳು ಅತ್ತ ನೋಡಿದಳು.

"ಒತ್ತಿಬಿಡ್ರಿ ಅಮ್ಮಾ," ಎಂದರು ಮೇಷ್ಟ್ರು, ನೆಲ ನೋಡುತ್ತ. "ತವರಿಗಿಂತ ಹೊಲ ದೊಡ್ಡದೇನ್ರಿ?"

"ಹಾಗೆ ಹೇಳಿ ಸಾರ್," ಎಂದ ಕೆಂಪಯ್ಯ. "ಬಾವಿ ಪಕ್ಕದ ಸೈಟು ಮೇಷ್ಟ್ರಿಗೇ ಅಂತ ಮಾತಾಗಿದೆ ಕಣಕ್ಕ. ಹೊರಗಿನವರೇನಲ್ಲ."

ಬೋರಮ್ಮ ಸೆರಗು ಸರಿಸಿ ಕೈ ಹೊರತೆಗೆದಳು. ಕೆಂಪಯ್ಯ ಅವಸರದಲ್ಲಿ ಪ್ಯಾಡಿನ ಮುಚ್ಚಳ ತೆರೆದ. ಕೈ ಕಾಗದದ ಮೇಲೆ ಹಾದು ಮೇಷ್ಟ್ರ ಕಡೆಗೆ ಚಾಚಿಕೊಂಡಿತು. ಹೆಬ್ಬೆರಳು ಇನ್ನೂ ಕಿರುಬೆರಳಿನ ತುದಿಯಲ್ಲೇ ಇತ್ತು.

"ನಾಲ್ಕೂ ಆಗೋಯ್ತು ಮೇಷ್ಟ್ರೇ," ಎಂದಳು. "ನಿಮ್ಮನ್ನ ಯಾವ ಬೆರಳಿಗೆ ಎಣಿಸ್ಲಿ?"