ಕಪಾಟಿನ ಕೀಲಿ

ಮನೆಗಳ್ಳತನ ಮಾಡಿ ಜೈಲು ಕಂಡು ಬಂದಿದ್ದ ಫಕೀರಪ್ಪ, ಅಂಥವರಿಗೆ ಕೆಲಸ ಕಲಿಸುವ ಸಂಸ್ಥೆಯೊಂದರಲ್ಲಿ ಆರು ತಿಂಗಳು ವೆಲ್ಡಿಂಗ್ ಕಲಿತಿದ್ದ. ಇವತ್ತು ಹನ್ನೊಂದಕ್ಕೆ ಕಾರ್ಖಾನೆಯಲ್ಲಿ ಸಂದರ್ಶನ. ಅವನ ಸರ್ಟಿಫಿಕೇಟು ಮಾತ್ರ ಆಫೀಸಿನ ಕಬ್ಬಿಣದ ಕಪಾಟಿನೊಳಗಿತ್ತು, ಅದರ ಚಾವಿ ಗುಮಾಸ್ತರ ಜೇಬಿನಲ್ಲಿತ್ತು, ಗುಮಾಸ್ತರು ನೆಂಟರ ಮದುವೆಗೆಂದು ಬೆಳಗಾವಿಗೆ ಹೋಗಿಬಿಟ್ಟಿದ್ದರು.

ಸಂಸ್ಥೆ ನಡೆಸುವ ಸುಲೋಚನಕ್ಕ ಕಪಾಟನ್ನು ಎರಡು ಸಲ ಜಗ್ಗಿ ನೋಡಿ, ಅವನ ಕಡೆ ತಿರುಗಿದರು.

"ಫಕೀರಪ್ಪ, ಇಂಥಾ ಕೀಲಿ ನಿನಗ ಎಷ್ಟೊತ್ತಿನ ಕೆಲಸ?"

"ಮೊದಲಾಗಿದ್ರ ಅರ್ಧ ನಿಮಿಷ ರೀ, ಅಕ್ಕಾರ."

"ಹಂಗಾದ್ರ ತಗಿಯಪ್ಪಾ."

ಫಕೀರಪ್ಪನ ಬೆರಳುಗಳು ತಾವಾಗಿಯೇ ಚುರುಕಾದವು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಬ್ಯಾಡ್ರೀ. ಇನ್ನ ಯಾರ ಕೀಲಿನೂ ಮುಟ್ಟೂದಿಲ್ಲಂತ ಮಗಳ ತಲಿ ಮ್ಯಾಲ ಕೈಯಿಟ್ಟು ಆಣಿ ಮಾಡೀನಿ. ಕೆಲಸ ಹೋದ್ರ ಹೋಗ್ಲಿ."

"ಹತ್ತೂವರಿ ಆತು ನೋಡು."

"ಆಗ್ಲಿ ಬಿಡ್ರಿ."

ಹೇಳುವುದೇನೋ ಹೇಳಿದ, ಕಣ್ಣು ಮಾತ್ರ ಗೋಡೆಯ ಗಡಿಯಾರದ ಮೇಲೇ ಇತ್ತು.

ಅಕ್ಕ ಒಂದು ಗಳಿಗೆ ಅವನನ್ನೇ ನೋಡಿದರು. ಹೋಗಿ ಆಫೀಸಿನ ಬಾಗಿಲು ಮುಂದೆ ಮಾಡಿ ಬಂದರು. ತುರುಬಿನಿಂದ ಪಿನ್ನೊಂದನ್ನು ಕಿತ್ತು, ಕಪಾಟಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಇದೇನು ಎಂದು ಅವನು ಕೇಳುವಷ್ಟರಲ್ಲಿ ಕಪಾಟು ಕಿರ್ರೆಂದು ತೆರೆದುಕೊಂಡಿತು.

ಅಕ್ಕ ಸರ್ಟಿಫಿಕೇಟನ್ನು ಅವನ ಕೈಗಿಟ್ಟರು. "ನೀ ಮೂರು ವರ್ಷ ಜೈಲಿನ್ಯಾಗಿದ್ದಿ, ನಾ ಐದು ವರ್ಷ ಇದ್ದೆ. ಓಡೀಗ, ಬಸ್ಸು ತಪ್ಪತೈತಿ."