ಕರ ಮಾಫ

ಚನ್ನವೀರಪ್ಪ ಸ್ವಂತ ಮನೆಯ ಬಾಗಿಲ ಸಂದಿಯಿಂದ ಕಳ್ಳನ ಹಾಗೆ ಇಣುಕಿದ. ಅನುಮಾನ ಸುಳ್ಳಾಗಲಿಲ್ಲ. ಟಿವಿಯಲ್ಲಿ ಮತ್ತೆ ಅವನೇ, ರಾಜ್ಯದ ಹಣಕಾಸು ಮಂತ್ರಿ ಉದಯಕುಮಾರ. ಎದುರಿಗೆ ಹೆಂಡತಿ ನೀಲಾಬಾಯಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ. ಸದ್ದು ಪೂರ್ತಿ ಬಂದ್. ಮಂತ್ರಿ ಬರೀ ಬಾಯಿ ಆಡಿಸುತ್ತಿದ್ದ, ಇವಳು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ನಡುನಡುವೆ ಸೆರಗಿನಿಂದ ಪರದೆಯ ಮೂಲೆ ಒರೆಸುತ್ತಿದ್ದಳು. ಒರೆಸುವುದೋ, ಸವರುವುದೋ, ಆ ಸೊಲ್ಲಾಪುರದ ಸಿದ್ಧರಾಮನೇ ಬಲ್ಲ.

ಮುಂಬೈಯಲ್ಲಿ ಅಧಿವೇಶನ ಶುರುವಾದಾಗಿನಿಂದ ಇದೇ ಕಥೆ. ಮಂತ್ರಿ ಪ್ರಶ್ನೆಗಳಿಗೆ ಉತ್ತರ ಕೊಡುವ ಹೊತ್ತಾದರೆ ಕುರನೂರಿನ ಈ ಮನೆಯಲ್ಲಿ ಒಲೆ ಆರುತ್ತಿತ್ತು. ಹಂಚಿನ ಮೇಲೆ ರೊಟ್ಟಿ ಸೀದರೂ ಎಚ್ಚರವಿಲ್ಲ. ಏನು ನೋಡುತ್ತೀ ಎಂದು ಕೇಳಿದರೆ ಒಂದೇ ಉತ್ತರ: “ಕರದ ಸುದ್ದಿ ನಡದೈತ್ರಿ.” ಸದ್ದಿಲ್ಲದೆ ಅದೆಂಥ ಸುದ್ದಿ? ಮುಖ ನೋಡುವವರಿಗೆ ಮಾತೇಕೆ ಬೇಕು ಎಂದುಕೊಂಡು ಚನ್ನವೀರಪ್ಪ ಒಳಗೊಳಗೇ ಬೆಂದ.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವುದು ಹೇಗೆ? ಚಿಕ್ಕಪ್ಪನ ಮಗ ನಿಂಗಣ್ಣ ಚಿಂಚೋಳಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನು ಕಟ್ಟೆಯ ಮೇಲೆ ಎಲ್ಲರೆದುರೇ ಕಾಲೆಳೆದ.

“ಪಗಾರದಾಗ ವೃತ್ತಿಕರ ಮುರಕೊಳ್ಳೋದು ನಮ್ಮಂಥವ್ರದಣ್ಣ. ನೀಲಾ ವೈನಿಗ್ಯಾಕ ಕರದ ಚಿಂತಿ? ನಿಮ್ಮ ಮನ್ಯಾಗ ಕರ ಅಂದ್ರ ಆಕಳ ಕರ ಅಷ್ಟ.”

ಕಟ್ಟೆಯ ಮಂದಿ ನಕ್ಕರು. ಯಾಕೆ ನಕ್ಕರೆಂದು ಚನ್ನವೀರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಸೊಲ್ಲಾಪುರದ ವ್ಯಾಪಾರಿ ಮನೆತನದ ಈ ಉದಯಕುಮಾರ ಒಂದು ಕಾಲಕ್ಕೆ ಕನ್ಯೆ ನೋಡಲು ಕಂದಲಗಾಂವಕ್ಕೆ, ನೀಲಾಬಾಯಿಯ ತವರಿಗೆ ಹೋಗಿದ್ದ. ಅವಲಕ್ಕಿ ತಿಂದು, ಚಹಾ ಕುಡಿದು, ಹುಡುಗಿಯನ್ನು ಒಪ್ಪಿಯೂ ಇದ್ದ. ಹಿರಿಯರ ಮಾತು ಕೂಡಲಿಲ್ಲ, ಸಂಬಂಧ ಮುರಿಯಿತು. ಗಿಡ ಕಡಿದರೂ ಬೇರು ಉಳಿದಿತ್ತೇ? ಇಷ್ಟು ವರ್ಷ ಬಾಳಿದವಳ ಮೇಲೆ ಇಂಥ ಅನುಮಾನ ಪಡುವುದಕ್ಕೆ ಅವನಿಗೇ ನಾಚಿಕೆಯಾಗುತ್ತಿತ್ತು. ಆದರೂ ಬಿಡಲಾಗುತ್ತಿರಲಿಲ್ಲ.

ಅವಳನ್ನು ಹಿಡಿದಿಡುವಂಥದ್ದು ಈ ಮನೆಯಲ್ಲಿ ಏನಾದರೂ ಉಳಿದಿದ್ದರೆ ತಾನೇ? ಅಪ್ಪು ಹೋದ ಮೇಲೆ ಗಂಡಹೆಂಡಿರ ನಡುವೆ ಮಾತು ಬತ್ತಿಹೋಗಿತ್ತು. ಅಪ್ಪು ಕಡೆಯ ಮಗ, ಹುಟ್ಟಾ ಕಿವುಡ. ನೀಲಾಬಾಯಿ ಅವನನ್ನು ‘ನನ್ನ ಕರ’ ಎಂದು ಮುದ್ದಿಸುತ್ತಿದ್ದಳು. ಕಿವಿಗೆ ಬೀಳದ ಮಾತನ್ನು ಕಣ್ಣಿಗೆ ಹೇಳಬೇಕಲ್ಲ, ಅದಕ್ಕೇ ಎರಡು ಬೆರಳನ್ನು ಎಳೆಗೋಡಿನಂತೆ ಹಣೆಗಿಟ್ಟು ಮೆಲ್ಲಗೆ ಗುಮ್ಮುತ್ತಿದ್ದಳು. ಹುಡುಗ ಕೇಕೆ ಹಾಕಿ ನಗುತ್ತಿದ್ದ. ಅದೇ ಅವನ ಹೆಸರಾಯಿತು. ಆ ಮನೆಯವರ ಹೊರತು ಬೇರೆ ಯಾರಿಗೂ ಆ ಹೆಸರು ಗೊತ್ತಿರಲಿಲ್ಲ.

ಊರ ಡ್ಯಾಮಿನ ಹಿನ್ನೀರಿನಲ್ಲಿ ಅವನು ಕಾಲು ಜಾರಿದಾಗ ಅಕ್ಕ ಪ್ರಣಿತಾ ಅಲ್ಲೇ ದಡದಲ್ಲಿ ಬೆನ್ನು ಮಾಡಿ ಬಟ್ಟೆ ಹಿಂಡುತ್ತಿದ್ದಳು. ‘ಅಕ್ಕಾ’ ಎಂದು ಕೂಗಲು ಅವನಿಗೆ ಬರುತ್ತಿರಲಿಲ್ಲ. ಮಣ್ಣು ಮಾಡಿ ಬಂದವನೇ ಚನ್ನವೀರಪ್ಪ ಮಗಳ ಚೀಲವನ್ನು ಹೊಸ್ತಿಲಾಚೆ ಇಟ್ಟ. ಅವಳು ಅಂಗಳದಲ್ಲಿ ಎರಡೂ ಕಿವಿ ಹಿಡಿದು ನಿಂತಳು, ಅಪ್ಪು ತಪ್ಪು ಮಾಡಿದಾಗ ನಿಲ್ಲುತ್ತಿದ್ದ ಹಾಗೆಯೇ. ಅವನು ಕದ ಹಾಕಿಕೊಂಡ. ಇನ್ನು ಈ ಮನೆಯಲ್ಲಿ ಅವಳ ಹೆಸರು ಎತ್ತಿದರೆ ನನ್ನಾಣೆ ಎಂದು ಹೆಂಡತಿಗೆ ಹೇಳಿದ. ಮಗಳು ಪುಣೆಯಲ್ಲಿ ಏನೋ ಕಲಿಯುತ್ತಿದ್ದಾಳೆ ಎಂದು ಯಾರೋ ಹೇಳಬಂದಾಗ ಎದ್ದು ಹೋದ. ನೀಲಾಬಾಯಿ ಆಣೆ ಮುರಿಯಲಿಲ್ಲ. ಅತ್ತಳು, ಅಷ್ಟೇ.

ಇವತ್ತು ಇತ್ಯರ್ಥವಾಗಲೇಬೇಕೆಂದು ಚನ್ನವೀರಪ್ಪ ಒಳಗೆ ಬಂದು ಅವಳ ಪಕ್ಕದಲ್ಲಿ ಕೂತ. ಬೈಯಬೇಕೆಂದೇ ಬಂದಿದ್ದ. ಬಾಯಿಗೆ ಬಂದದ್ದೇ ಬೇರೆ.

“ಅವನ್ನ ಮಾಡ್ಕೊಂಡಿದ್ರ ಸುಖದಿಂದ ಇರ್ತಿದ್ದಿ, ನೀಲಾ. ಹಂಗ ಅನಸ್ತಿದ್ರ ಹೇಳಿಬಿಡು. ನಾ ಏನೂ ಅನ್ನಾಂಗಿಲ್ಲ.”

ಅವಳು ತಿರುಗಿ ನೋಡಲಿಲ್ಲ. ಕಣ್ಣು ಪರದೆಯಲ್ಲೇ ಇತ್ತು. ಅಂಗೈ ಅದೇ ಮೂಲೆಗೆ ಓರೆಯಾಗಿ, ಅವನಿಗೆ ಕಾಣದ ಹಾಗೆ ಅಡ್ಡವಿತ್ತು.

ಚನ್ನವೀರಪ್ಪ ರಿಮೋಟು ಕಸಿದು ಸದ್ದು ಏರಿಸಿದ. ಸಭೆಯಲ್ಲಿ ಯಾರೋ ಶಾಸಕರು ಎದ್ದು, ಸಣ್ಣ ಪಗಾರದ ಕೆಲಸಗಾರರ ವೃತ್ತಿಕರ ತೆಗೆಯುವ ಮಸೂದೆ ಏನಾಯಿತೆಂದು ಕೇಳುತ್ತಿದ್ದರು. ಮಂತ್ರಿ ಕನ್ನಡಕ ಸರಿಮಾಡಿಕೊಂಡು ಮರಾಠಿಯಲ್ಲಿ ಉದ್ದಕ್ಕೆ ಏನೇನೋ ಹೇಳಿ, ಕೊನೆಗೆ “ಕರ ಮಾಫ” ಎಂದ. ಮೇಜು ಕುಟ್ಟಿದ ಸದ್ದಿಗೆ ಗೋಡೆ ಅದುರಿತು. ನೀಲಾಬಾಯಿ ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕಿದಳು.

“ಅವ ಕರ ಮಾಫ ಅಂದ್ರ ನಿನಗ್ಯಾಕ ಅಳು?”

“ಅವ ಅಂದದ್ದಕ್ಕಲ್ರಿ.” ಅವಳು ಕಣ್ಣೊರೆಸಿಕೊಂಡಳು. “ನಾ ನಿಮ್ಮ ಆಣಿ ಮುರದಿಲ್ಲ, ಈಗೂ ಹೆಸರು ಎತ್ತಂಗಿಲ್ಲ. ನೀವ ನೋಡ್ರಿ.”

ಅವಳು ಪರದೆಯ ಮೂಲೆಯಿಂದ ಅಂಗೈ ತೆಗೆದಳು. ಗದ್ದಲದಲ್ಲಿ ಕೇಳಿಸಲಿಲ್ಲವೆಂದು ಸಭಾಧ್ಯಕ್ಷರು ಇನ್ನೊಮ್ಮೆ ಹೇಳಲು ಸೂಚಿಸಿದರು. ಮಂತ್ರಿ ಮತ್ತೆ ಎದ್ದು ಅದೇ ಮಾತು ಹೇಳಿದ.

ಮಂತ್ರಿಯ ಪಕ್ಕ, ಆ ಮೂಲೆಯ ಪುಟ್ಟ ವೃತ್ತದೊಳಗೆ, ಕಿವಿ ಕೇಳದವರಿಗಾಗಿ ಸಭೆಯ ಮಾತನ್ನೆಲ್ಲ ಕೈಯಲ್ಲಿ ಹೇಳುತ್ತಿದ್ದ ಹುಡುಗಿ, ‘ಕರ’ ಎಂಬಲ್ಲಿ ಎರಡು ಬೆರಳನ್ನು ಹಣೆಗಿಟ್ಟು ಮೆಲ್ಲಗೆ ಗುಮ್ಮಿದಳು. ‘ಮಾಫ’ ಎಂಬಲ್ಲಿ ನೇರ ಚನ್ನವೀರಪ್ಪನನ್ನೇ ನೋಡುತ್ತ ಎರಡೂ ಕಿವಿ ಹಿಡಿದುಕೊಂಡಳು.